ಹಿತ್ತಲ ಗುಲ್‌ಮೊಹರ್ ವಾಲಿದೆ, ಬುಡದಲ್ಲಿ ಅಣಬೆ ಬಂದಿದೆ. ಉಳಿಸಬಹುದಾ, ಕಡಿಸಬೇಕಾ?

ಅಣಬೆ ಯಾವುದು ಅಂತ ಮೊದಲು ನೋಡಿ. ಕೆಂಗಂದು ಬಣ್ಣ, ಮೇಲೆ ವಾರ್ನಿಷ್ ಬಳಿದ ಹಾಗೆ ಹೊಳಪು, ಅಂಚು ಬೆಳ್ಳಗೆ, ಕೈಯಲ್ಲಿ ಮುರಿಯಲಾರದಷ್ಟು ಗಟ್ಟಿ ಇದ್ದರೆ ಅದು ಬಹುತೇಕ ಗ್ಯಾನೋಡರ್ಮಾ. ತೆಂಗು, ಅಡಿಕೆಗೆ ಅಣಬೆ ರೋಗ ತರುವುದೂ ಇದೇ ಜಾತಿ. ಅದು ಹೊರಗೆ ಕಾಣುವ ಹೊತ್ತಿಗೆ ಒಳಗೆ ಬೇರು, ಬುಡ ಸಾಕಷ್ಟು ಕೊಳೆತಿರುತ್ತವೆ. ಅಣಬೆ ಕಿತ್ತೆಸೆದರೆ, ಸುಣ್ಣ ಬಳಿದರೆ ಏನೂ ಆಗದು. ಮೇಲೆ ಎಲೆ ಹಸಿರಾಗಿದೆ ಅಂತಲೂ ನಂಬಬೇಡಿ.

ಗಾಳಿ ಇಲ್ಲದ ಹೊತ್ತಿನಲ್ಲಿ ಬುಡಕ್ಕೆ ಮರದ ಸುತ್ತಿಗೆಯಿಂದ ತಟ್ಟಿ. ಡಬ್ ಡಬ್ ಅಂದರೆ ಒಳಗೆ ಪೊಳ್ಳು. ವಾಲಿದ ಕಡೆಗೆ ಎದುರು ಬದಿಯ ಮಣ್ಣು ಬಿರುಕುಬಿಟ್ಟು ಎದ್ದಿದ್ದರೆ ಬೇರು ಹಿಡಿತ ಬಿಡ್ತಿದೆ. ಆಗ ಉಳಿಸುವ ಆಸೆ ಬೇಡ. ಗುಲ್‌ಮೊಹರ್‌ಗೆ ಮೊದಲೇ ಬೇರು ಆಳಕ್ಕಿಳಿಯುವುದು ಕಡಿಮೆ, ಅಲ್ವಾ? ಅದರ ಕೆಳಗೆ ಕಾರು, ಮಕ್ಕಳ ಆಟ ಇವತ್ತಿಂದಲೇ ಬಂದ್.

ಸ್ವಂತ ಜಾಗವಾದರೂ ಕರ್ನಾಟಕದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಅರ್ಜಿಗೆ ಅಣಬೆ, ಬಿರುಕಿನ ಫೋಟೊ ಲಗತ್ತಿಸಿ. ಏಪ್ರಿಲ್-ಮೇ ಗಾಳಿಮಳೆಗೆ ಮೊದಲೇ ಮುಗಿಸಿದರೆ ಒಳ್ಳೆಯದು.

ಬುಡಕ್ಕೇ ಗರಗಸ ಹಾಕುವವರನ್ನು ಕರೆಯಬೇಡಿ. ಕೊಂಬೆಗಳಿಗೆ ಹಗ್ಗ ಕಟ್ಟಿ, ಮೇಲಿಂದ ತುಂಡು ತುಂಡಾಗಿ ಇಳಿಸಬೇಕು. ಕರೆಂಟ್ ತಂತಿ ಹತ್ತಿರವಿದ್ದರೆ ಲೈನ್ ಆಫ್ ಮಾಡಿಸಿಯೇ ಶುರು ಮಾಡಿಸಿ. ಬೊಡ್ಡೆಯನ್ನೂ ಬೇರನ್ನೂ ಅಗೆಸಿ ತೆಗೆಸಿ, ರೋಗ ಅವುಗಳಲ್ಲೇ ಉಳಿದಿರುತ್ತೆ. ಆ ಗುಂಡಿಗೆ ಸದ್ಯಕ್ಕೆ ತೆಂಗಿನ ಸಸಿಯಂತೂ ಬೇಡ.