ಅಮಾನತಾದ ಮಗು ಮತ್ತೆ ತರಗತಿಗೆ ಹೋಗುವುದು ಹೇಗೆ?

ಶಾಲೆ ಮಗುವನ್ನು ಹೊರಗೆ ಹಾಕಿದ ಮೇಲೆ ಮನೋವೈದ್ಯರ ಬಳಿ ಓಡಿಬರುವ ಪೋಷಕರಲ್ಲಿ ಹೆಚ್ಚಿನವರು ಕೇಳುವುದು ಚಿಕಿತ್ಸೆಯನ್ನಲ್ಲ, ‘ಹುಡುಗ ಸರಿಯಾಗಿದ್ದಾನೆ’ ಎಂಬ ಸರ್ಟಿಫಿಕೇಟನ್ನು. ಈ ಸಲದ ಪತ್ರಗಳಲ್ಲೂ ಅದೇ ಬೇಡಿಕೆ ಇರುವುದರಿಂದ ಒಂದಕ್ಕೆ ವಿವರವಾಗಿ ಉತ್ತರಿಸಿ, ಉಳಿದವನ್ನು ಚುಟುಕಾಗಿ ಮುಗಿಸುತ್ತೇನೆ.

ಪ್ರಶ್ನೆ: ಒಂಬತ್ತನೇ ತರಗತಿಯ ನನ್ನ ಮಗ ಸಹಪಾಠಿಯೊಡನೆ ಹೊಡೆದಾಡಿದ್ದಕ್ಕೆ ಹದಿನೈದು ದಿನ ಅಮಾನತು ಮಾಡಿದ್ದರು. ಅವಧಿ ಮುಗಿದು ವಾರವಾದರೂ ಅವನು ಶಾಲೆಗೆ ಹೋಗುತ್ತಿಲ್ಲ. ಬೆಳಿಗ್ಗೆ ಹೊಟ್ಟೆನೋವು ಎನ್ನುತ್ತಾನೆ, ಭಾನುವಾರ ಏನೂ ಇರುವುದಿಲ್ಲ. ನಮ್ಮ ಯಜಮಾನರು, ಇದು ನಾಟಕ, ನಾಲ್ಕು ಬಿಗಿದರೆ ಸರಿಹೋಗುತ್ತಾನೆ ಎನ್ನುತ್ತಾರೆ. ಶಾಲೆಯವರು ಮನೋವೈದ್ಯರ ಸರ್ಟಿಫಿಕೇಟ್ ತನ್ನಿ, ಇಲ್ಲವೇ ಟಿಸಿ ತೆಗೆದುಕೊಳ್ಳಿ ಎನ್ನುತ್ತಿದ್ದಾರೆ. (ಒಬ್ಬ ತಾಯಿ, ದಾವಣಗೆರೆ ಜಿಲ್ಲೆ)

ಉತ್ತರ: ಭಾನುವಾರ ನೋವಿಲ್ಲದಿರುವುದನ್ನು ನಿಮ್ಮ ಯಜಮಾನರು ನಾಟಕಕ್ಕೆ ಸಾಕ್ಷಿ ಎಂದುಕೊಂಡಿದ್ದಾರೆ, ಅದು ಆತಂಕದ ಲಕ್ಷಣ. ಆತಂಕದಿಂದ ಬರುವ ಹೊಟ್ಟೆನೋವು ನಿಜವಾದ ನೋವೇ. ಶಾಲೆಗೆ ಹೋಗದೆ ಮನೆಯಲ್ಲಿ ಉಳಿದ ಪ್ರತಿ ದಿನವೂ ಆ ಕ್ಷಣಕ್ಕೆ ಹಾಯೆನಿಸಿ, ಮರುದಿನದ ಭಯವನ್ನು ಇನ್ನಷ್ಟು ಬೆಳೆಸುತ್ತದೆ. ಅಮಾನತಿನ ದಿನಗಳಲ್ಲಿ ರಾತ್ರಿ ಎರಡರವರೆಗೆ ಎಚ್ಚರವಿದ್ದು ಹನ್ನೊಂದಕ್ಕೆ ಏಳುವ ಅಭ್ಯಾಸವಾಗಿದ್ದರೆ, ಪಾಠಗಳೂ ಅಷ್ಟು ಹಿಂದೆ ಬಿದ್ದಿದ್ದರೆ, ‘ಗೂಂಡಾ ಬಂದ’ ಎಂದು ತರಗತಿ ನಗುತ್ತದೆ ಎಂಬ ಅಂಜಿಕೆಯೂ ಸೇರಿಕೊಂಡರೆ, ಯಾವ ಹುಡುಗ ತಾನಾಗಿ ಗೇಟು ದಾಟುತ್ತಾನೆ? ಹೊಡೆದರೆ ಆ ಭಯಕ್ಕೆ ಮನೆಯ ಭಯವೂ ಕೂಡಿಕೊಳ್ಳುತ್ತದೆ, ಅಷ್ಟೇ.

ಬ್ರಿಟನ್ನಿನಲ್ಲಿ 2004 ಮತ್ತು 2007ರಲ್ಲಿ ನಡೆದ ಮಕ್ಕಳ ಮಾನಸಿಕ ಆರೋಗ್ಯ ಸಮೀಕ್ಷೆಗಳ ವಿಶ್ಲೇಷಣೆಯಲ್ಲಿ ಶಾಲೆಯಿಂದ ಹೊರಹಾಕುವುದಕ್ಕೂ ಮಾನಸಿಕ ತೊಂದರೆಗೂ ಇರುವ ನಂಟು ಎರಡೂ ದಿಕ್ಕಿನಲ್ಲಿ ಕಂಡಿತು: ಮೊದಲೇ ತೊಂದರೆಯಲ್ಲಿದ್ದ ಮಕ್ಕಳನ್ನು ಶಾಲೆಗಳು ಹೆಚ್ಚಾಗಿ ಹೊರಹಾಕುತ್ತವೆ, ಹೊರಹಾಕಿದ ಮಕ್ಕಳಲ್ಲಿ ಮುಂದೆ ತೊಂದರೆ ಹೆಚ್ಚುತ್ತದೆ. ಆದ್ದರಿಂದ ಹೊಡೆದಾಟಕ್ಕೆ ಮುಂಚಿನ ಆರು ತಿಂಗಳನ್ನು ನೆನಪಿಸಿಕೊಳ್ಳಿ. ಅಂಕ ಕುಸಿದಿತ್ತೇ, ಬೋರ್ಡಿನಿಂದ ಬರೆದುಕೊಳ್ಳುವುದು ಅರ್ಧಕ್ಕೇ ನಿಲ್ಲುತ್ತಿತ್ತೇ, ಆ ಸಹಪಾಠಿ ಮೊದಲಿಂದಲೂ ಕಾಡುತ್ತಿದ್ದನೇ? ಕಲಿಕಾ ನ್ಯೂನತೆಯೋ ಗಮನದ ಕೊರತೆಯೋ ಪತ್ತೆಯಾಗದೇ ಉಳಿದು, ಕೊನೆಗೆ ‘ಪುಂಡ’ ಎಂಬ ಹೆಸರು ಹೊತ್ತು ನಮ್ಮಲ್ಲಿಗೆ ಬರುವ ಮಕ್ಕಳು ಕಡಿಮೆಯಿಲ್ಲ.

ಇನ್ನೊಂದು ಮಾತು, ಇದರಲ್ಲಿ ನಾನು ಅತಿ ಎಚ್ಚರ ಎನಿಸಿಕೊಳ್ಳಲೂ ಸಿದ್ಧ. ಅವಮಾನವಾದ ಹೊಸದರಲ್ಲಿ ಹದಿಹರೆಯದವರು ಕ್ಷಣದ ಆವೇಶದಲ್ಲಿ ಪ್ರಾಣಕ್ಕೆ ಕುತ್ತು ತಂದುಕೊಳ್ಳಬಲ್ಲರು. ಮನೆಯಲ್ಲಿ ಹೊಲಕ್ಕೆ ಹೊಡೆಯುವ ಕೀಟನಾಶಕವೋ ಹಿರಿಯರ ನಿದ್ರೆಮಾತ್ರೆಯೋ ಇದ್ದರೆ ಇಂದೇ ಬೀಗದೊಳಗೆ ಇಡಿ. ‘ಬದುಕೇ ಬೇಡ ಅನ್ನಿಸುತ್ತಿದೆಯೇನಪ್ಪ?’ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬುದು ವಿದ್ಯಾವಂತರಲ್ಲೂ ಉಳಿದಿರುವ ತಪ್ಪು ತಿಳಿವಳಿಕೆ. ಹೌದೆಂದರೆ ಅವನನ್ನು ಒಂಟಿಯಾಗಿ ಬಿಡದೆ ಅಂದೇ ಜಿಲ್ಲಾಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯಲ್ಲಿ ಹಗಲೂ ರಾತ್ರಿ ಕನ್ನಡದಲ್ಲಿ ಉಚಿತವಾಗಿ ಮಾತನಾಡಬಹುದು.

ಅಂಥ ಅಪಾಯವಿಲ್ಲವೆಂದು ಖಾತ್ರಿಯಾದ ಮೇಲೆ ಶಾಲೆಯ ವಿಷಯ. ಮುಖ್ಯೋಪಾಧ್ಯಾಯರನ್ನು ಮಗನಿಲ್ಲದೆ ಮೊದಲು ನೀವೇ ಭೇಟಿಯಾಗಿ, ಅವನು ನಂಬುವ ಒಬ್ಬ ಶಿಕ್ಷಕರ ಹೆಸರು ಹೇಳಿ, ಮೊದಲ ದಿನ ಬೆಲ್ಲಿಗೆ ಮುಂಚೆ ಅವರೇ ಅವನನ್ನು ಬರಮಾಡಿಕೊಳ್ಳಲಿ ಎಂದು ಕೇಳಿ. ಪ್ರಾರ್ಥನೆಯ ಸಾಲಿನೆದುರು ನಿಲ್ಲಿಸಿ ಕ್ಷಮೆ ಕೇಳಿಸುವುದಕ್ಕೆ ಒಪ್ಪಬೇಡಿ. ಹೊಡೆಸಿಕೊಂಡ ಹುಡುಗನ ಬಳಿ ಖಾಸಗಿಯಾಗಿ ಕ್ಷಮೆ ಕೇಳುವುದಕ್ಕೆ ಖಂಡಿತ ಒಪ್ಪಿಸಿ, ಏಕೆಂದರೆ ಅವನಿಗೂ ಪೆಟ್ಟು ಬಿದ್ದಿದೆ. ಮೊದಲ ವಾರ ಅರ್ಧ ದಿನವಾದರೂ ಸರಿ, ದಿನವೂ ಹೋಗಲಿ.

ಸರ್ಟಿಫಿಕೇಟ್ ಬಗ್ಗೆ: ನೋಡಿ ಪರೀಕ್ಷಿಸಿದ ವೈದ್ಯರು ತಾವು ಕಂಡದ್ದನ್ನು, ಶಾಲೆ ಮಾಡಬೇಕಾದ್ದನ್ನು ಬರೆದುಕೊಡಬಹುದು. ಇನ್ನು ಮುಂದೆ ಈ ಹುಡುಗ ಯಾರಿಗೂ ಹೊಡೆಯುವುದಿಲ್ಲ ಎಂದು ಬರೆದುಕೊಡುವವರು ವೈದ್ಯರಲ್ಲ, ಜ್ಯೋತಿಷಿಗಳು.

ಪ್ರಶ್ನೆ: ಒಂದೇ ಸಿಟ್ಟಿಂಗ್‌ನಲ್ಲಿ ಹಿಪ್ನಾಟಿಸಂನಿಂದ ಹಟ ಬಿಡಿಸುತ್ತಾರಂತೆ, ಹೋಗಬಹುದೇ?

ಉತ್ತರ: ಬೇಡ. ಆ ಹಣದಲ್ಲಿ ಮಗನಿಗೆ ಸೈಕಲ್ ಕೊಡಿಸಿ.

ಪ್ರಶ್ನೆ: ನಾನು ಶಿಕ್ಷಕ. ಅಮಾನತು ಮಾಡದಿದ್ದರೆ ಉಳಿದ ಮಕ್ಕಳಿಗೆ ಭಯವೇ ಇರುವುದಿಲ್ಲವಲ್ಲ?

ಉತ್ತರ: ಅಮೆರಿಕದ ಮನೋವಿಜ್ಞಾನ ಸಂಘದ ಕಾರ್ಯಪಡೆ 2008ರಲ್ಲಿ ಇದನ್ನೇ ಪರಿಶೀಲಿಸಿ, ಇಂಥ ಕಠಿಣ ಶಿಕ್ಷೆಗಳಿಂದ ಶಾಲೆಗಳು ಸುರಕ್ಷಿತವಾದವು ಎನ್ನಲು ಆಧಾರವಿಲ್ಲ ಎಂದಿತು. ಒಮ್ಮೆ ಅಮಾನತಾದವರೇ ಮತ್ತೆ ಮತ್ತೆ ಅಮಾನತಾಗುವುದನ್ನು ನಿಮ್ಮ ಹಾಜರಿ ಪುಸ್ತಕವೂ ತೋರಿಸಬಹುದು, ತೆರೆದು ನೋಡಿ.

ಪ್ರಶ್ನೆ: ನಾಲ್ಕನೇ ತರಗತಿಯ ಮಗಳಿಗೆ ‘ತುಂಬಾ ತಂಟೆ’ ಎಂದು ಟಿಸಿ ಕೊಡಲು ಹೊರಟಿದ್ದಾರೆ.

ಉತ್ತರ: ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ತೆಗೆದುಹಾಕುವಂತಿಲ್ಲ. 2014ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಮಾತ್ರ ಈ ಕಾಯ್ದೆ ಅನ್ವಯಿಸುವುದಿಲ್ಲ. ‘ನೀವೇ ಕೇಳಿ ಪಡೆದಿರಿ’ ಎನ್ನುವ ಅರ್ಜಿಗೆ ಸಹಿ ಹಾಕಬೇಡಿ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅವರಿಗೆ ಲಿಖಿತ ದೂರು ಕೊಟ್ಟು, ಪ್ರತಿಯನ್ನು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಕಳಿಸಿ.