ಅರ್ಧ ಹಣೆಯ ವಿಭೂತಿ

ಕುಟುಂಬದವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಊರು, ವಯಸ್ಸು ಮತ್ತು ಇನ್ನೂ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ಕುಟುಂಬ ಆಪ್ತಸಲಹೆಗಾರ್ತಿಯಾಗಿರುವ ನನ್ನಲ್ಲಿಗೆ ಅತ್ತೆ, ಸೊಸೆ ಮತ್ತು ಮಗ ಮೂವರೂ ಒಟ್ಟಿಗೆ ಬಂದರು. ಅರವತ್ತೊಂದು ವರ್ಷದ ಅತ್ತೆಗೆ ನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದಿತ್ತು. ಮೆದುಳಿನ ಬಲಭಾಗಕ್ಕೆ ರಕ್ತ ಹರಿಸುವ ನಾಳ ಮುಚ್ಚಿಕೊಂಡು ಎಡಗೈ, ಎಡಗಾಲು ಸೋತಿದ್ದವು. ಫಿಸಿಯೋಥೆರಪಿಯಿಂದ ಕಾಲಿನಲ್ಲಿ ಬಲ ಬಂದು, ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಿದ್ದರು. ಮಾತು, ನೆನಪು ಚೆನ್ನಾಗಿಯೇ ಇದ್ದವು. ಆದ್ದರಿಂದ ಮನೆಯವರ ಲೆಕ್ಕದಲ್ಲಿ ಕಾಯಿಲೆ ಮುಗಿದಿತ್ತು, ಉಳಿದದ್ದು ಅತ್ತೆಯ ಹಠ.

ಸೊಸೆಯ ದೂರು ಊಟದಿಂದ ಆರಂಭವಾಯಿತು. "ತಾಟಿನ್ಯಾಗ ಎಡಕ್ಕ ಪಲ್ಯಾ ಹಾಕಿರ್ತೀನ್ರೀ ಮೇಡಂ. ರೊಟ್ಟಿ ಮುರಕೊಂಡು ಬರೇ ಚಟ್ನಿ ಹಚ್ಚಿ ತಿಂದು ಏಳ್ತಾರ. ನಾ ಮಾಡಿದ್ದು ಬ್ಯಾಡ ಅಂತ ಬಾಯಿ ಬಿಟ್ಟು ಹೇಳಲಿ, ಅದೂ ಇಲ್ಲ." ಅತ್ತೆಯನ್ನು ಪ್ರತ್ಯೇಕವಾಗಿ ಕೇಳಿದಾಗ ಅವರು ತಣ್ಣಗೆ ಹೇಳಿದರು: "ಆಕಿ ಪಲ್ಯಾನ ಹಾಕಂಗಿಲ್ಲ ತಂಗಿ. ಬರೇ ರೊಟ್ಟಿ ಇಟ್ಟು ಹೋಗ್ತಾಳ." ಎಡ ಹೆಗಲಿನ ಸೆರಗು ಜಾರಿ ಬಿದ್ದರೂ ಬಂದವರೆದುರು ಹಾಗೆಯೇ ಕೂತಿರುತ್ತಾರೆ, ಎಡಗಡೆ ಕೂತು ಮಾತಾಡಿಸಿದ ಮೊಮ್ಮಗಳಿಗೆ ಉತ್ತರ ಕೊಡುವುದಿಲ್ಲ, ವರ್ಷಾನುಗಟ್ಟಲೆ ತಪ್ಪಿಸದ ಲಿಂಗಪೂಜೆಯನ್ನೂ ಬಿಟ್ಟಿದ್ದಾರೆ ಎಂದು ಮಗ ಸೇರಿಸಿದ.

ಇಬ್ಬರೂ ಸುಳ್ಳು ಹೇಳುತ್ತಿಲ್ಲ ಎಂಬುದು ಆಗಲೇ ನನಗೆ ಹೊಳೆಯಬೇಕಿತ್ತು. ನಾನು ಅದನ್ನು ಅತ್ತೆ-ಸೊಸೆಯರ ಮಾತುಕತೆ ಕೆಟ್ಟ ಪ್ರಕರಣವೆಂದು ತಿಳಿದು ಎರಡು ಭೇಟಿಗಳನ್ನು ಆ ದಾರಿಯಲ್ಲೇ ಕಳೆದೆ. ಬಡಿಸುವಾಗ ಅತ್ತೆಯನ್ನು ಕೇಳಿ ಬಡಿಸುವಂತೆ ಸೊಸೆಗೂ, ಬೇಡವಾದದ್ದನ್ನು ಬಾಯಿಬಿಟ್ಟು ಹೇಳುವಂತೆ ಅತ್ತೆಗೂ ಸಲಹೆ ಕೊಟ್ಟೆ. ಆ ಸಲಹೆಯಿಂದ ಸೊಸೆಯ ಬೇಸರ ಹೆಚ್ಚಿತೇ ಹೊರತು ಬೇರೇನೂ ಆಗಲಿಲ್ಲ. ಈ ಕೆಲಸದಲ್ಲಿರುವ ಉಳಿದವರು ಇದೇ ತಪ್ಪು ಮಾಡದಿರಲಿ ಎಂದೇ ಇದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಮೂರನೆಯ ಭೇಟಿಯ ದಿನ ಅತ್ತೆ ಸ್ನಾನ ಮಾಡಿ, ತಾವೇ ವಿಭೂತಿ ಹಚ್ಚಿಕೊಂಡು ಬಂದಿದ್ದರು. ಮೂರು ಬೆರಳಿನ ಮೂರು ಗೆರೆಗಳು ಹಣೆಯ ಬಲತುದಿಯಿಂದ ಹೊರಟು, ಮೂಗಿನ ನೇರಕ್ಕೆ ಬಂದು, ಅಲ್ಲಿಗೇ ನಿಂತಿದ್ದವು. ಕೂದಲೂ ಬಲಗಡೆ ಮಾತ್ರ ನುಣುಪಾಗಿ ಬಾಚಿತ್ತು. "ಪೂರಾ ಹಚ್ಚಿದ್ರೇನವ್ವ?" ಎಂದು ಕೇಳಿದೆ. "ಹೂಂ, ಪೂರಾ" ಎಂದರು. ಆ ಉತ್ತರದಲ್ಲಿ ಹಠದ ಸುಳಿವೇ ಇರಲಿಲ್ಲ. ಅದೇ ದಿನ ಪಕ್ಕದ ನಗರದ ಒಂದು ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ, ನರರೋಗಿಗಳ ಪುನಶ್ಚೇತನದಲ್ಲಿ ವಿಶೇಷ ತರಬೇತಿ ಪಡೆದು ಕೆಲಸ ಮಾಡುತ್ತಿರುವ ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರಿಗೆ ಫೋನ್ ಮಾಡಿ, ಕುಟುಂಬವನ್ನು ಅವರಲ್ಲಿಗೆ ಕಳುಹಿಸಿದೆ.

ಕಳುಹಿಸುವ ಮೊದಲು ಹೆಸರಿನ ಗೊಂದಲವನ್ನು ಬಿಡಿಸಬೇಕಾಯಿತು. "ಅವ್ವಗ ಈ ವಯಸ್ಸಿನ್ಯಾಗ ಯಾವ ಉದ್ಯೋಗರೀ?" ಎಂದು ಮಗ ಕೇಳಿದ. ಕನ್ನಡದಲ್ಲಿ ಇದಕ್ಕೆ ಬಳಕೆಯಲ್ಲಿರುವ 'ಔದ್ಯೋಗಿಕ ಚಿಕಿತ್ಸೆ' ಎಂಬ ಪದವೇ ದಾರಿ ತಪ್ಪಿಸುವಂತಿದೆ. ಉಣ್ಣುವುದು, ಉಡುವುದು, ಮೀಯುವುದು, ರೊಟ್ಟಿ ಬಡಿಯುವುದು, ಪೂಜೆ ಮಾಡುವುದು, ಮೊಮ್ಮಕ್ಕಳನ್ನು ಆಡಿಸುವುದು, ಹೀಗೆ ಒಬ್ಬ ಮನುಷ್ಯನ ದಿನವನ್ನು ತುಂಬುವ ಎಲ್ಲ ಕೆಲಸಗಳೂ ಇಲ್ಲಿ 'ಉದ್ಯೋಗ'ವೇ. ಆ ಮನೆಯವರಿಗೆ ಹತ್ತಿರವಾದ ಮಾತಿನಲ್ಲಿ ನಾನು 'ಕಾಯಕಕ್ಕೆ ಮರಳಿಸುವ ಚಿಕಿತ್ಸೆ' ಎಂದೆ, ಅತ್ತೆ ತಲೆಯಾಡಿಸಿದರು. ಇದು ಹೊಸದಾಗಿ ಬಂದದ್ದೇ ಎಂಬ ಪ್ರಶ್ನೆಯೂ ಬಂತು. ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕಮಲಾ ನಿಂಬ್ಕರ್ ಅವರು 1950ರಲ್ಲೇ ಇದರ ಶಿಕ್ಷಣವನ್ನು ಆರಂಭಿಸಿದ್ದರು. ಇಷ್ಟು ಹಳೆಯ ವೃತ್ತಿಯ ಹೆಸರೂ ನಮ್ಮ ಮನೆಗಳಿಗೆ ತಿಳಿಯದಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಫಿಸಿಯೋಥೆರಪಿಸ್ಟ್ ಕೈಕಾಲಿನ ಬಲ, ಸಮತೋಲ ಮತ್ತು ನಡಿಗೆಯನ್ನು ಮುಖ್ಯವಾಗಿ ನೋಡಿಕೊಂಡರೆ, ಆ ಬಲವಿದ್ದೂ ಒಂದು ಕೆಲಸ ಏಕೆ ಆಗುತ್ತಿಲ್ಲ ಎಂದು ಹುಡುಕುವುದು ಆಕ್ಯುಪೇಷನಲ್ ಥೆರಪಿಸ್ಟ್ ಅವರ ಪಾಲಿನದು.

ಥೆರಪಿಸ್ಟ್ ಮೊದಲು ಕಾಗದದ ಮೇಲೆ ಪರೀಕ್ಷಿಸಿದರು. ಹಾಳೆಯ ತುಂಬ ಚದುರಿದ ನಕ್ಷತ್ರಗಳನ್ನು ಹೊಡೆದುಹಾಕಲು ಹೇಳಿದರೆ ಅತ್ತೆ ಬಲಗಡೆಯವನ್ನು ಮಾತ್ರ ಹೊಡೆದು ಪೆನ್ನು ಕೆಳಗಿಟ್ಟರು. ಅಡ್ಡ ಗೆರೆಯ ನಟ್ಟನಡುವೆ ಗುರುತು ಹಾಕಲು ಹೇಳಿದರೆ ಗುರುತು ಬಲಕ್ಕೆ ಸರಿದಿತ್ತು. ಗಡಿಯಾರ ಬರೆದಾಗ ಹನ್ನೆರಡೂ ಅಂಕಿಗಳು ಬಲಗಡೆಯ ಅರ್ಧದಲ್ಲೇ ಒತ್ತಿಕೊಂಡಿದ್ದವು. ಇದು ಕಣ್ಣಿನ ಅರ್ಧ ನೋಟ ಹೋದ ಸ್ಥಿತಿಯೇ ಎಂಬುದನ್ನು ಬೇರೆ ಮಾಡಿ ನೋಡುವುದು ಮುಖ್ಯವಾಗಿತ್ತು, ಏಕೆಂದರೆ ನೋಟ ಮಾತ್ರ ಹೋದವರಿಗೆ ಸಾಮಾನ್ಯವಾಗಿ ಅದು ಗೊತ್ತಿರುತ್ತದೆ, ಕತ್ತು ತಿರುಗಿಸಿ ಸರಿದೂಗಿಸಿಕೊಳ್ಳುತ್ತಾರೆ. ಈ ತಾಯಿ ಕತ್ತನ್ನೇ ತಿರುಗಿಸುತ್ತಿರಲಿಲ್ಲ, ಅವರ ಪಾಲಿಗೆ ಎಡಗಡೆ ಎಂಬುದೇ ಇರಲಿಲ್ಲ. ಮೆದುಳಿನ ಬಲಭಾಗಕ್ಕೆ ಪೆಟ್ಟಾದಾಗ ಹೆಚ್ಚಾಗಿ ಕಾಣುವ ಈ ತೊಂದರೆಯನ್ನು ಒಂದು ಪಕ್ಕದ ಅಲಕ್ಷ್ಯ ಎನ್ನಬಹುದು. ಕಣ್ಣು ಕಾಣುತ್ತದೆ, ಗಮನ ಅತ್ತ ಹೋಗುವುದಿಲ್ಲ.

ಆಮೇಲೆ ಅವರು ಹತ್ತು ದೈನಂದಿನ ಕೆಲಸಗಳನ್ನು ಕಣ್ಣಾರೆ ನೋಡಿ, ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ ಕೊಡುವ ಕ್ಯಾಥರೀನ್ ಬರ್ಜೆಗೋ ಮಾಪಕವನ್ನು ಬಳಸಿದರು. ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು. ಒಟ್ಟು 30ರಲ್ಲಿ ಥೆರಪಿಸ್ಟ್ ಕೊಟ್ಟದ್ದು 19, ಅವೇ ಪ್ರಶ್ನೆಗಳಿಗೆ ಅತ್ತೆ ತಮಗೆ ತಾವೇ ಕೊಟ್ಟುಕೊಂಡದ್ದು 3. ಈ ಎರಡು ಅಂಕಗಳ ನಡುವಿನ ಅಂತರದಲ್ಲಿಯೇ ಆ ಮನೆಯ ಜಗಳವೆಲ್ಲ ಇತ್ತು. ತನಗೆ ತೊಂದರೆ ಇದೆ ಎಂಬ ಅರಿವೂ ಕಾಯಿಲೆಯಿಂದಲೇ ಕುಂದಿರುತ್ತದೆ, ಅದು ಸುಳ್ಳಲ್ಲ, ಸೊಕ್ಕಲ್ಲ ಎಂದು ಥೆರಪಿಸ್ಟ್ ವಿವರಿಸುತ್ತ ಒಂದು ತಾಟಿನಲ್ಲಿ ರೊಟ್ಟಿ, ಬಲಕ್ಕೆ ಚಟ್ನಿ, ಎಡಕ್ಕೆ ಪಲ್ಯ ಹಾಕಿ ಅತ್ತೆಯ ಮುಂದಿಟ್ಟರು. ಅತ್ತೆ ಎಂದಿನಂತೆ ಬಲಗಡೆಯ ಚಟ್ನಿಯಲ್ಲಿ ಉಂಡರು. ಥೆರಪಿಸ್ಟ್ ಏನೂ ಹೇಳದೆ ತಾಟನ್ನು ಅರ್ಧ ಸುತ್ತು ತಿರುಗಿಸಿದರು. "ಅಯ್ಯ, ಬದನಿಕಾಯಿ ಪಲ್ಯಾ ಮಾಡಿದ್ದೀಯಲ್ಲ!" ಎಂದು ಅತ್ತೆ ಕೈ ಹಾಕಿದರು. ನಾಲ್ಕು ತಿಂಗಳು ನುಂಗಿಕೊಂಡಿದ್ದ ಅಳು ಸೊಸೆಗೆ ಅಲ್ಲಿಯೇ ಬಂತು.

ಚಿಕಿತ್ಸೆ ಮನೆಯ ಸಾಮಾನುಗಳಿಂದಲೇ ಶುರುವಾಯಿತು. ತಾಟಿನ ಎಡ ಅಂಚಿಗೆ, ದಿನಪತ್ರಿಕೆಯ ಎಡ ಅಂಚಿಗೆ, ಬಾಗಿಲ ಚೌಕಟ್ಟಿನ ಎಡಗಡೆಗೆ ಕೆಂಪು ಟೇಪು ಅಂಟಿಸಿ, ಕೆಂಪು ಕಾಣುವ ತನಕ ಕತ್ತು ತಿರುಗಿಸುವುದನ್ನು ರೂಢಿ ಮಾಡಿಸಿದರು. ಎಲೆ-ಅಡಿಕೆಯ ಚೀಲವನ್ನು ದಿನಕ್ಕಿಷ್ಟು ಎಡಕ್ಕೆ ಸರಿಸುತ್ತ ಹೋಗಲು ಹೇಳಿದರು; ಆದರೆ ಗುಳಿಗೆ, ನೀರು ಮತ್ತು ಕರೆಗಂಟೆ ಬಲಗಡೆಯಲ್ಲೇ ಇರಬೇಕು, ಅಪಾಯದ ಹೊತ್ತಿನಲ್ಲಿ ಅಭ್ಯಾಸ ಮಾಡಿಸುವಂತಿಲ್ಲ ಎಂದು ಎಚ್ಚರಿಸಿದರು. ಕುಪ್ಪಸ ತೊಡುವಾಗ ಸೋತ ಕೈಗೆ ಮೊದಲು, ಬಿಚ್ಚುವಾಗ ಆ ಕೈಯಿಂದ ಕೊನೆಗೆ. ಬಚ್ಚಲಲ್ಲಿ ಹಿಡಿಕೆ ಬಲಗೈಗೆ ಸಿಗುವ ಕಡೆ. ಎಡಗೈಗೆ ಬಿಸಿ ಸರಿಯಾಗಿ ತಿಳಿಯದ ಕಾರಣ ನೀರಿನ ಹದವನ್ನು ಬಲಗೈಯಿಂದಲೇ ನೋಡುವುದು. ನೋಟವನ್ನು ಬಲಕ್ಕೆ ಸರಿಸುವ ಪ್ರಿಸಂ ಕನ್ನಡಕ ಹಾಕಿಸಿ ಗುರಿ ಮುಟ್ಟಿಸುವ ಅಭ್ಯಾಸವನ್ನೂ ಎರಡು ವಾರ ಮಾಡಿಸಿದರು. ಅದರಿಂದ ಎಲ್ಲರಿಗೂ ದಿನನಿತ್ಯದ ಕೆಲಸಗಳಲ್ಲಿ ಸಮನಾಗಿ ಪ್ರಯೋಜನ ಆಗುವುದಿಲ್ಲವೆಂದು ಮೊದಲೇ ತಿಳಿಸಿದ್ದು ಅವರ ಪ್ರಾಮಾಣಿಕತೆ.

ನನ್ನ ಮನಸ್ಸಿನಲ್ಲಿ ಉಳಿದಿರುವುದು ಲಿಂಗಪೂಜೆಯ ಭಾಗ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಅದರ ಮೇಲೆ ದೃಷ್ಟಿ ನೆಟ್ಟು, ಬಲಗೈಯಿಂದ ಪೂಜಿಸುವುದು ಪದ್ಧತಿ. ತನ್ನದೆಂದು ಅನ್ನಿಸದ ಕೈಯಲ್ಲಿ ಅವರು ಲಿಂಗವನ್ನು ಹೇಗೆ ಹಿಡಿದಾರು? ಪೂಜೆ ನಿಂತದ್ದು ಭಕ್ತಿ ಕುಂದಿದ್ದರಿಂದಲ್ಲ. ಎಡಗೈಯನ್ನು ನೋಡುವುದು, ಅದನ್ನು ಕೆಲಸದಲ್ಲಿ ತೊಡಗಿಸುವುದು, ಗಮನವನ್ನು ಅಲ್ಲಿಯೇ ನಿಲ್ಲಿಸುವುದು, ಇವು ಮೂರೂ ಥೆರಪಿಸ್ಟ್ ಅವರಿಗೆ ಬೇಕಾಗಿದ್ದ ಅಭ್ಯಾಸಗಳೇ. ಪೂಜೆಯಲ್ಲಿ ಮೂರೂ ಒಟ್ಟಿಗಿದ್ದವು. ಲಿಂಗ ಕೈಜಾರಿ ಬಿದ್ದರೆ ಆ ತಾಯಿಯ ಎದೆ ಒಡೆಯುತ್ತದೆ ಎಂಬುದನ್ನು ಅರಿತು ಅವರು ಮೊದಲು ಬೇರೆ ವಸ್ತುಗಳಿಂದ ಆರಂಭಿಸಿದರು. ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಎಡಗೈ, ಅಂಗೈಯಲ್ಲಿ ಒಂದು ನಿಂಬೆಹಣ್ಣು, ಬಲಗೈಯಿಂದ ಅದರ ಮೇಲೆ ಹೂವಿನ ಎಸಳು ಇಡುವುದು. ಐದನೆಯ ವಾರ ಸೊಸೆ ತನ್ನ ಕೈಯನ್ನು ಅತ್ತೆಯ ಅಂಗೈಯ ಕೆಳಗೆ ಆಸರೆಯಾಗಿ ಹಿಡಿದಾಗ, ಅತ್ತೆ ಶಿವದಾರದಿಂದ ಲಿಂಗವನ್ನು ಬಿಚ್ಚಿಸಿಕೊಂಡರು.

ಹಿನ್ನಡೆಯೂ ಆಯಿತು. ಆರನೆಯ ವಾರ ಮಗ ಅವಸರದಲ್ಲಿ ಎಡಗೈ ಹಿಡಿದೆಳೆದು ತಾಯಿಯನ್ನು ಎಬ್ಬಿಸಿದ್ದರಿಂದ ಹೆಗಲು ನೋವು ಹತ್ತಿ, ಸುಮಾರು ಇಪ್ಪತ್ತು ದಿನ ಅಭ್ಯಾಸ ಕುಂಟಿತು. ಲಕ್ವ ಹೊಡೆದ ತೋಳಿನ ಕೀಲು ಸಡಿಲವಾಗಿರುವುದರಿಂದ ಅದನ್ನು ಹಿಡಿದು ಎಬ್ಬಿಸಲೇಬಾರದು. ಥೆರಪಿಸ್ಟ್ ಮೊದಲ ದಿನವೇ ಇದನ್ನು ಸೊಸೆಗೆ ಹೇಳಿಕೊಟ್ಟಿದ್ದರು. ಮಗ ಆ ದಿನ ಅಂಗಡಿಯಲ್ಲಿದ್ದ. ಆರೈಕೆಯ ತರಬೇತಿಯನ್ನು ಮನೆಯ ಹೆಣ್ಣುಮಗಳೊಬ್ಬಳಿಗೆ ಒಪ್ಪಿಸಿ ಸುಮ್ಮನಾಗುವ ನಮ್ಮ ರೂಢಿಯ ಬೆಲೆ ಇದು.

ಥೆರಪಿಸ್ಟ್ ಅವರ ವರದಿಯನ್ನು ಓದಿದ ನಂತರ ನಾನು ಹೊಸದಾಗಿ ಸಲಹೆಗಳನ್ನು ಕೊಟ್ಟೆ. ಸೊಸೆಗೆ ಹೇಳಿದ್ದು: "ಕಾಣಂಗಿಲ್ಲೇನು?" ಎಂದು ಎಂದಿಗೂ ಕೇಳಬೇಡಿ, "ಕೆಂಪು ಸಿಗೋ ತನಕ ನೋಡ್ರಿ ಅತ್ತಿ" ಎನ್ನಿ, ಜಾರಿದ ಸೆರಗನ್ನು ನೀವೇ ಸರಿಮಾಡಿ ಮುಗಿಸಬೇಡಿ, ಅವರ ಬಲಗೈಯನ್ನು ಎಡ ಹೆಗಲಿಗೆ ಒಯ್ದು ಮುಟ್ಟಿಸಿ. ನಾಲ್ಕು ತಿಂಗಳ ಅವಮಾನ ಕಾರಣ ತಿಳಿದ ಕೂಡಲೇ ಕರಗುವುದಿಲ್ಲವಾದ್ದರಿಂದ ಅವಳಿಗಾಗಿಯೇ ತಿಂಗಳಿಗೊಂದು ಭೇಟಿ ಇಟ್ಟೆ. ಅತ್ತೆಯ ಮೇಲೆ ಸಿಟ್ಟು ಬಂದ ದಿನ ಅದನ್ನು ನನ್ನ ಮುಂದೆ ಆಡಲು ಅವಳಿಗೆ ಜಾಗ ಇರಬೇಕು. ಮಗನಿಗೆ ಸಂಜೆಯ ಸ್ನಾನ ಮತ್ತು ಊಟದ ಹೊಣೆಯನ್ನು ವಾರಕ್ಕೆ ಮೂರು ದಿನ ವಹಿಸಿದೆ. ರಕ್ತದೊತ್ತಡದ ಗುಳಿಗೆಗಳನ್ನು ಸ್ವಂತ ತೀರ್ಮಾನದಿಂದ ನಿಲ್ಲಿಸಬಾರದು, ತಾಯಿ ಮಂಕಾದರೆ, ನಿದ್ದೆ-ಹಸಿವು ಕೆಟ್ಟರೆ ಅದನ್ನು ಮುಪ್ಪಿನ ಬೇಸರವೆಂದು ಬಿಡದೆ ನರರೋಗ ತಜ್ಞರಿಗೆ ತಿಳಿಸಬೇಕು, ಏಕೆಂದರೆ ಲಕ್ವದ ನಂತರದ ಖಿನ್ನತೆ ಸಾಮಾನ್ಯ ಮತ್ತು ಅದಕ್ಕೆ ಚಿಕಿತ್ಸೆ ಇದೆ ಎಂದೂ ಬರೆದುಕೊಟ್ಟೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಅಂಗವೈಕಲ್ಯದ ಪ್ರಮಾಣ ಪತ್ರಕ್ಕೂ ಯುಡಿಐಡಿ (ವಿಕಲಚೇತನರ ವಿಶಿಷ್ಟ ಗುರುತಿನ) ಕಾರ್ಡಿಗೂ ಅರ್ಜಿ ಹಾಕಿಸಿದೆ, ವೈಕಲ್ಯದ ಪ್ರಮಾಣ ಶೇ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ದೊರೆಯಬಹುದಾದ ಸೌಲಭ್ಯಗಳಿವೆ.

ಅತ್ತೆಗೆ ನಾನು ಹೆಚ್ಚೇನೂ ಹೇಳಲಿಲ್ಲ. ಪಲ್ಯ ಹಾಕುವುದಿಲ್ಲವೆಂದು ಸೊಸೆಯನ್ನು ದೂರಿದ್ದಕ್ಕೆ ಅವರು ನಾಚಿ ಕುಗ್ಗುತ್ತಿದ್ದರು. ಅದು ನಿಮ್ಮ ತಪ್ಪಲ್ಲ, ನೀವು ಕಂಡದ್ದನ್ನೇ ಹೇಳಿದ್ದೀರಿ ಎಂದೆ.

ಇದೇ ಜಿಲ್ಲೆಯಲ್ಲಿ ಇಂಥ ಥೆರಪಿಸ್ಟ್ ಇದ್ದಿದ್ದರೆ, ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವೇ ಅವರು ಆ ತಾಯಿಯ ಮುಂದೆ ಒಂದು ತಾಟನ್ನು ಇಟ್ಟು ನೋಡಿರುತ್ತಿದ್ದರು, ಈ ಕುಟುಂಬ ನನ್ನ ಬಾಗಿಲಿಗೆ ಬರಬೇಕಾಗಿರಲಿಲ್ಲ. 2021ರ ಸಹವರ್ತಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಈ ವೃತ್ತಿಯನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಹುದ್ದೆಗಳು ಜಿಲ್ಲಾ ಆಸ್ಪತ್ರೆಯ ತನಕ ಬರಬೇಕು ಎಂಬುದು ನನ್ನ ಬೇಡಿಕೆ. ಅಲ್ಲಿಯವರೆಗೆ ನನ್ನಂಥ ಸಲಹೆಗಾರರು, ಲಕ್ವ ಹೊಡೆದವರಿರುವ ಮನೆಯಿಂದ ಹಠ, ಕೊಳಕು, ಅಸಡ್ಡೆ ಎಂಬ ದೂರು ಬಂದಾಗ, ಅದು ಒಂದೇ ಪಕ್ಕದಲ್ಲಿ ನಡೆಯುತ್ತಿದೆಯೇ ಎಂದು ಮೊದಲು ಕೇಳಬೇಕು.

ಚಿಕಿತ್ಸೆಯ ನಾಲ್ಕನೆಯ ತಿಂಗಳ ಕೊನೆಗೆ ಮಾಪಕದ ಅಂಕ 19ರಿಂದ 11ಕ್ಕೆ ಇಳಿದಿದೆ. ದಣಿದಾಗ, ಮನೆ ತುಂಬ ಜನವಿದ್ದಾಗ ಎಡಗಡೆ ಮತ್ತೆ ಮರೆಯಾಗುತ್ತದೆ. ರೊಟ್ಟಿ ಬಡಿಯುವುದು ಇನ್ನೂ ಆಗಿಲ್ಲ. ಪರಾತದ ಕೆಳಗೆ ಒದ್ದೆ ಬಟ್ಟೆ ಹಾಸಿ, ಅತ್ತೆ ಬಲಗೈಯಿಂದ ಹಿಟ್ಟು ನಾದಿ ಕೊಡುತ್ತಾರೆ, ಬಡಿದು ಹಂಚಿಗೆ ಹಾಕುವುದು ಸೊಸೆ. ಒಲೆಯ ಹತ್ತಿರ ಒಬ್ಬರನ್ನೇ ಬಿಡಬಹುದೇ ಎಂಬುದನ್ನು ಥೆರಪಿಸ್ಟ್ ಮುಂದಿನ ತಿಂಗಳು ಮನೆಗೇ ಬಂದು ನೋಡಿ ಹೇಳಲಿದ್ದಾರೆ. ಅಲ್ಲಿಯ ತನಕ ಬೇಡವೆಂದು ಮೂವರಿಗೂ ತಿಳಿಸಿದ್ದೇನೆ.