ವಿಲ್ಕಿನ್ಸನ್ ಒಂದೇ ಒದೆತದ ಆಟಗಾರನಾ?

2003ರ ರಗ್ಬಿ ವಿಶ್ವಕಪ್ ಫೈನಲ್‌ನ ಆ ಒಂದು ಒದೆತ ಬಿಟ್ಟರೆ ಇಂಗ್ಲೆಂಡಿನ ಜಾನಿ ವಿಲ್ಕಿನ್ಸನ್ ಏನು ಮಾಡಿದ್ದಾನೆ ಅಂತ ಕೇಳಿದ್ದೀರಿ. ನಾನು ಕಲಬುರಗಿಯವನು, ಕಬಡ್ಡಿ ಆಡಿ ಬೆಳೆದವನು. ನಮ್ಮ ಕಡೆ ರಗ್ಬಿ ಚೆಂಡು ತೋರಿಸಿದರೆ ಇದ್ಯಾವ ಕಾಯಿ ಅಂತ ಕೇಳುತ್ತಾರೆ. ಒಂದು ಬೇಸಿಗೆಯಲ್ಲಿ, ಜಾತ್ರೆಯ ಪಂದ್ಯದಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡು ಮನೆಯಲ್ಲೇ ಬಿದ್ದಿದ್ದೆ. ಹೊರಗೆ ಕೆಂಡದಂಥ ಬಿಸಿಲು, ಒಳಗೆ ಮೊಬೈಲ್. ಆಗ ಹಳೇ ರಗ್ಬಿ ಪಂದ್ಯಗಳನ್ನು ನೋಡುವ ಚಟ ಹತ್ತಿತು.

ಮೊದಲು ಆ ಒದೆತದ ಮಾತೇ ಆಡೋಣ. ಸಿಡ್ನಿಯಲ್ಲಿ ಫೈನಲ್, ಎದುರಿಗೆ ಆಸ್ಟ್ರೇಲಿಯಾ, ಹೆಚ್ಚುವರಿ ಸಮಯವೂ ಮುಗಿಯುತ್ತಾ ಬಂದಿದೆ, 17-17. ಚೆಂಡನ್ನು ನೆಲಕ್ಕೆ ಬಿಟ್ಟು, ಅದು ಪುಟಿಯುವಾಗಲೇ ಕಂಬಗಳ ನಡುವೆ ಒದ್ದರೆ 3 ಅಂಕ, ಇದಕ್ಕೆ ಡ್ರಾಪ್ ಗೋಲ್ ಅನ್ನುತ್ತಾರೆ. ವಿಲ್ಕಿನ್ಸನ್ ಎಡಗಾಲಿನವನು. ಅವತ್ತು ಅದಕ್ಕೂ ಮುಂಚೆ ಮೂರು ಸಲ ಪ್ರಯತ್ನಿಸಿ ತಪ್ಪಿಸಿದ್ದ. ನಾಲ್ಕನೆಯದನ್ನು ಬಲಗಾಲಲ್ಲಿ ಒದ್ದ, 20-17. ಅದೃಷ್ಟ ಅನ್ನಿಸಬಹುದು, ಆದರೆ ಒಗ್ಗದ ಕಾಲಿಗೂ ಅಷ್ಟು ವರ್ಷ ತಾಲೀಮು ಕೊಟ್ಟವನಿಗೆ ಮಾತ್ರ ಆ ಹೊತ್ತಲ್ಲಿ ಅದು ನೆನಪಾಗುತ್ತೆ ಅಲ್ವಾ?

ಇನ್ನು ಅದರ ಹಿಂದಿನದು. 1998ರಲ್ಲಿ, 18ನೇ ವಯಸ್ಸಿಗೇ ಇಂಗ್ಲೆಂಡ್ ತಂಡಕ್ಕೆ ಬಂದ. ಅದೇ ವರ್ಷ ಜೂನ್‌ನಲ್ಲಿ ಬ್ರಿಸ್ಬೇನ್‌ನಲ್ಲಿ ಇದೇ ಆಸ್ಟ್ರೇಲಿಯಾ ಎದುರು 76-0ರಿಂದ ಸೋತರು, ಹುಡುಗ ಆ ಪಂದ್ಯದಲ್ಲಿ ಆಡಿದ್ದ. ನಮ್ಮ ಕಬಡ್ಡಿಯಲ್ಲಿ ಹೀಗೆ ಸೋತರೆ ಊರಿಗೆ ಬರುವುದಕ್ಕೇ ಮುಖ ಇರಲ್ಲ.

ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ ವಿಶ್ವಕಪ್ ಆದ ಮೇಲಿನ ಕಥೆ. ಕುತ್ತಿಗೆ, ಭುಜ, ಮೊಣಕಾಲು, ಕಡೆಗೆ ಮೂತ್ರಪಿಂಡಕ್ಕೂ ಪೆಟ್ಟು, ಒಂದು ವಾಸಿಯಾಯಿತು ಅನ್ನುವಷ್ಟರಲ್ಲಿ ಇನ್ನೊಂದು, ಹೀಗೇ 1,169 ದಿನ ಇಂಗ್ಲೆಂಡ್ ಪರ ಒಂದು ಪಂದ್ಯವೂ ಆಡಲಿಲ್ಲ. ಒದೆಯುವ ಆಟಗಾರರು ಸಾಮಾನ್ಯವಾಗಿ ಗುದ್ದಾಟದಿಂದ ಸ್ವಲ್ಪ ದೂರ ನಿಲ್ಲುತ್ತಾರೆ, ಇವನು ತನಗಿಂತ ದಪ್ಪನೆಯವರನ್ನೂ ನುಗ್ಗಿ ಕೆಡವುತ್ತಿದ್ದ, ಅದರ ಬೆಲೆ ಮೈಯೇ ತೆತ್ತಿತು. 2007ರ ಫೆಬ್ರವರಿಯಲ್ಲಿ ಸ್ಕಾಟ್ಲೆಂಡ್ ಎದುರು ವಾಪಸ್ ಬಂದ, ಬಂದ ದಿನವೇ 27 ಅಂಕ! ಅದನ್ನು ನೋಡಿದಾಗ ನನ್ನ ಕಾಲು ಇನ್ನೂ ದಿಂಬಿನ ಮೇಲಿತ್ತು. ನಾನೇನೂ ಮತ್ತೆ ಅಂಕಣಕ್ಕೆ ಇಳಿಯಲಿಲ್ಲ ಬಿಡಿ, ಈಗ ಸಂಜೆ ಹೊತ್ತು ಹುಡುಗರ ಪಂದ್ಯಕ್ಕೆ ಸೀಟಿ ಊದುತ್ತೇನೆ ಅಷ್ಟೆ.

ಅದೇ ವರ್ಷ ಇಂಗ್ಲೆಂಡ್ ಮತ್ತೆ ವಿಶ್ವಕಪ್ ಫೈನಲ್ ತಲುಪಿ ದಕ್ಷಿಣ ಆಫ್ರಿಕಾಗೆ 15-6ರಿಂದ ಸೋತಿತು. ಆ 6 ಅಂಕವೂ ಇವನದೇ. 2011ರಲ್ಲಿ ಅಂತರರಾಷ್ಟ್ರೀಯ ಆಟ ಬಿಡುವಾಗ ಇಂಗ್ಲೆಂಡ್ ಪರ 91 ಪಂದ್ಯ, 1,179 ಅಂಕ. ನ್ಯೂಜಿಲೆಂಡಿನ ಡ್ಯಾನ್ ಕಾರ್ಟರ್ ಲೆಕ್ಕ ಇದಕ್ಕಿಂತ ಜಾಸ್ತಿ, ಆಟದ ಚೆಂದದಲ್ಲೂ ನನಗೆ ಕಾರ್ಟರೇ ಮೇಲು. ಅದು ಬೇರೆ ಮಾತು.

ಒಂದೇ ಒದೆತದವನು ಅನ್ನುವವರು ಫ್ರಾನ್ಸಿನ ಟೂಲಾನ್ ಕ್ಲಬ್‌ನಲ್ಲಿ ಅವನು ಕಳೆದ ವರ್ಷಗಳನ್ನೂ ನೋಡಬೇಕು. 2013 ಮತ್ತು 2014, ಎರಡೂ ವರ್ಷ ಯುರೋಪಿನ ಹೈನೆಕೆನ್ ಕಪ್ ಗೆದ್ದರು. 2014ರ ಮೇ 31ಕ್ಕೆ ಅವನ ಕಟ್ಟಕಡೆಯ ಪಂದ್ಯ, ಫ್ರೆಂಚ್ ಲೀಗಿನ ಫೈನಲ್. ಟೂಲಾನ್ 18-10ರಿಂದ ಗೆದ್ದಿತು, ಅದರಲ್ಲಿ 15 ಅಂಕ ಅವನ ಕಾಲಿಂದಲೇ ಬಂದವು. ಆಗ ಅವನಿಗೆ 35 ವರ್ಷ.